ಖಾಲಿ ಗಾಡಿಯೂ ಬಾಡಿಗೆ ಸೈಕಲ್ಲೂ

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು, ಅದನ್ನು ಮೊದಲೇ ಹೇಳಿಬಿಡುವುದು ವಾಸಿ. ಖಲೀಲ್ ಸಾಬರ ಬಾಡಿಗೆ ಸೈಕಲ್ಲುಗಳು ಹಸಿರು ಬಣ್ಣದವು ಎಂದು ನನಗೆ ಖಾತ್ರಿಯಾಗಿ ನೆನಪಿದೆ. ಗಿರಿಜತ್ತೆ ಕಪ್ಪು ಎನ್ನುತ್ತಾಳೆ. ಜಗಳ ತೀರಿಸೋಣವೆಂದು ಆ ವರ್ಷದ ದಿನಚರಿ ತೆಗೆದು ನೋಡಿದರೆ ಸೈಕಲ್ಲಿನ ಬಣ್ಣದ ಬಗ್ಗೆ ಒಂದಕ್ಷರವೂ ಇಲ್ಲ. ಅಂದು ಮನೆಯಲ್ಲಿ ಮಾಡಿದ ಹುರುಳಿಕಾಳಿನ ಬಸ್ಸಾರಿನ ಬಗ್ಗೆ ಮಾತ್ರ ಉದ್ದವಾಗಿ ಬರೆದಿದ್ದೇನೆ. ದಿನಚರಿ ಬರೆಯುವವರ ಹಣೆಬರಹವೇ ಅಷ್ಟು. ಮುಂದೆ ಯಾವುದು ಬೇಕಾಗುತ್ತದೆಂದು ತಿಳಿಯದೆ ಸಾರಿನ ರುಚಿ ಬರೆದಿಡುತ್ತೇವೆ. ಹಸಿರು ಬಣ್ಣವನ್ನು ಬಹುಶಃ ಆಮೇಲೆ ನಾನೇ ಬಳಿದಿರಬೇಕು. ಮೈಸೂರಿನಲ್ಲಿ ಪರಿಸರ ವಿಜ್ಞಾನ ಓದಿ ಬಂದವಳು ನಾನು. ನನ್ನ ನೆನಪಿಗೆ ಬಣ್ಣದ ಡಬ್ಬ ಕೊಟ್ಟರೆ ಅದು ಇನ್ಯಾವ ಬಣ್ಣ ಬಳಿದೀತು?

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಪತ್ರಿಕೆಯಲ್ಲೊಂದು ಲೇಖನ ಓದಿದೆ. ಹೊರದೇಶದ ದೊಡ್ಡ ಊರುಗಳಲ್ಲಿ ರಸ್ತೆಬದಿಗೆ ಸೈಕಲ್ಲು ನಿಲ್ಲಿಸಿರುತ್ತಾರಂತೆ. ಯಾರು ಬೇಕಾದರೂ ಒಂದು ಕಡೆ ಹತ್ತಿ, ಇನ್ನೊಂದು ಕಡೆ ಇಳಿದು, ಅಲ್ಲೇ ಬಿಟ್ಟು ಹೋಗಬಹುದಂತೆ. ಲೇಖನದ ಕೊನೆಯಲ್ಲಿ ಒಂದು ಅನುಮಾನವೂ ಇತ್ತು. ಬೆಳಿಗ್ಗೆ ಎಲ್ಲ ಸೈಕಲ್ಲೂ ಒಂದೇ ದಿಕ್ಕಿಗೆ ಹೋಗಿ ಗುಡ್ಡೆ ಬೀಳುತ್ತವೆ, ಅವನ್ನು ಮತ್ತೆ ಹಂಚಲು ಲಾರಿ ಓಡಿಸಬೇಕಾಗುತ್ತದೆ, ಹಾಗಾದರೆ ಪರಿಸರಕ್ಕೆ ಉಳಿದದ್ದೇನು ಎಂದು. ಓದಿ ನನಗೆ ನಗು ತಡೆಯಲಿಲ್ಲ. ಈ ಪ್ರಶ್ನೆಯ ಹೊಗೆಯನ್ನು ನಾನು ತಿಪಟೂರಿನ ಹತ್ತಿರದ ರಸ್ತೆಯಲ್ಲಿ ನಡೆದು ಕುಡಿದವಳು. ಅದೂ ತೊಂಬತ್ತರ ದಶಕದ ಕೊನೆಯಲ್ಲಿ.

ಆಗ ತಿಪಟೂರಿನ ಬಿ.ಹೆಚ್. ರಸ್ತೆಯಲ್ಲಿ ಖಲೀಲ್ ಸಾಬರ ಸೈಕಲ್ ಶಾಪಿತ್ತು. ಗಂಟೆ ಲೆಕ್ಕದಲ್ಲಿ ಬಾಡಿಗೆ. ಹಿಂದಿನ ಮಡ್‌ಗಾರ್ಡಿನ ಮೇಲೆ ನಂಬರು. ನಂಬರೇ ಆ ಸೈಕಲ್ಲಿನ ಹೆಸರು, ಗುಣ, ಜಾತಕ ಎಲ್ಲ. 'ಏಳನೇದು ಬೇಡ, ಅದು ಎಡಕ್ಕೆ ಎಳೀತದೆ' ಎಂದು ಊರಿಗೆಲ್ಲ ಗೊತ್ತಿತ್ತು. ಸಾಬರು ಯಾವ ಸೈಕಲ್ಲನ್ನೂ ಸಾಯಲು ಬಿಟ್ಟವರಲ್ಲ. ಒಂದರ ಹ್ಯಾಂಡಲ್ಲು ಇನ್ನೊಂದಕ್ಕೆ, ಅದರ ಪೆಡಲು ಮತ್ತೊಂದಕ್ಕೆ. ಹೀಗೆ ಅಂಗಾಂಗ ದಾನ ನಡೆದು ನಡೆದು, ಕೊನೆಗೆ ಯಾವ ಸೈಕಲ್ಲು ಯಾವುದು ಎಂದು ಅವರೇ ನಂಬರು ನೋಡಿ ಹೇಳಬೇಕಿತ್ತು. ಸವೆದ ಟೈರು ಮಕ್ಕಳ ಕೈಯಲ್ಲಿ ಉರುಳುವ ಚಕ್ರವಾಗುತ್ತಿತ್ತು. ಹರಿದ ಟ್ಯೂಬು ತೋಟದ ಪೈಪಿನ ಸೋರುವ ಸಂದಿಗೆ ಸುತ್ತುವ ಪಟ್ಟಿಯಾಗುತ್ತಿತ್ತು. ತೆಂಗಿನ ಸೀಮೆಯ ಬಗ್ಗೆ ಬರೆಯುವವರೆಲ್ಲ ತೆಂಗಿನ ಮರದಲ್ಲಿ ಬಿಸಾಡುವಂಥದ್ದು ಏನೂ ಇಲ್ಲ ಎಂದೇ ಶುರುಮಾಡುತ್ತಾರೆ. ನಾನು ಆ ಮಾತನ್ನು ಮರಕ್ಕೆ ಹೇಳದೆ ಸಾಬರ ಅಂಗಡಿಗೆ ಹೇಳುತ್ತೇನೆ.

ಆದರೆ ಅವರದೊಂದು ನಿಯಮವಿತ್ತು. ಇಲ್ಲಿಂದ ಒಯ್ದ ಸೈಕಲ್ಲು ದೀಪ ಹಚ್ಚುವ ಹೊತ್ತಿಗೆ ಇಲ್ಲಿಗೇ ಬರಬೇಕು. ಈ ನಿಯಮ ಅಡ್ಡ ಬಂದದ್ದು ನಮ್ಮ ಗಿರಿಜತ್ತೆಗೆ.

ಗಿರಿಜತ್ತೆ ನಮ್ಮಪ್ಪನ ತಂಗಿ. ಮದುವೆಯಾಗಿ ನಮ್ಮೂರಿನಲ್ಲೇ ಎರಡು ಬೀದಿ ಆಚೆ ಹೋದವಳು. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯಿಂದ ಒಳಗೆ ಇದೆ ನಮ್ಮೂರು. ಅತ್ತೆಗೆ ಆಗ ನಲವತ್ತರ ಹತ್ತಿರ. ಮಾವನಿಗೆ ತೆಂಗಿನ ತೋಟವಿತ್ತು. ತೋಟದ ಮನೆಗಳಲ್ಲಿ ದುಡ್ಡು ಕಾಣುವುದು ವರ್ಷಕ್ಕೊಮ್ಮೆ. ಕಾಯಿ ಅಟ್ಟ ಸೇರಿ, ಹೆಚ್ಚುಕಮ್ಮಿ ಒಂದು ವರ್ಷ ಅಲ್ಲೇ ಕೂತು ಒಳಗೊಳಗೇ ಒಣಗಿ ಕೊಬ್ಬರಿಯಾಗಿ, ಮಾರಾಟವಾದ ಮೇಲೆ. ಅದೂ ಮಾವನ ಜೇಬಿಗೆ. ಅಲ್ಲಿಯವರೆಗೆ ಅತ್ತೆ ಒಂದು ರವಿಕೆ ಬಟ್ಟೆ ಬೇಕೆಂದರೂ ಅಟ್ಟದ ಕಡೆ ನೋಡಬೇಕು. ಹೀಗಿರುವಾಗ ತಿಪಟೂರಿನ ಹೊರಗೊಂದು ಕಾಯಿ ಪುಡಿ ಮಾಡುವ ಫ್ಯಾಕ್ಟರಿಯಲ್ಲಿ, ಚಿಪ್ಪು ಬಿಡಿಸಿದ ಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸ ಅವಳಿಗೆ ಸಿಕ್ಕಿತು. ವಾರವಾರ ಕೂಲಿ, ಅವಳ ಕೈಗೇ. ಮಾವ, 'ಹೋಗ್ಲಿ ಬುಡು, ಹೆಂಗೂ ಮನೇಲೂ ಕಾಯೇ ತುರೀತಾಳೆ' ಎಂದು ಒಪ್ಪಿದರು. ತೊಡಕಿದ್ದದ್ದು ಹೊತ್ತಿನದು. ಕೆಲಸ ಶುರುವಾಗುವುದು ಬೆಳ್ಳಂಬೆಳಿಗ್ಗೆ. ದಬ್ಬೇಘಟ್ಟದ ಕಡೆಯಿಂದ ಬರುವ ಮೊದಲ ಬಸ್ಸು ಮುಖ್ಯರಸ್ತೆಯಲ್ಲಿ ನಮ್ಮೂರಿಗೆ ಇಳಿಯುವ ಗೇಟು ತಲುಪುವಷ್ಟರಲ್ಲಿ ಅಲ್ಲಿ ಅರ್ಧ ರಾಶಿ ಕಾಯಿ ಹೆರೆದಾಗಿರುತ್ತಿತ್ತು. ಬಾಡಿಗೆ ಸೈಕಲ್ಲೇನೋ ಇತ್ತು. ಆದರೆ ಬೆಳಗಾಗುವ ಮುಂಚೆ ಅದು ಇರಬೇಕಾದದ್ದು ನಮ್ಮೂರಲ್ಲಿ. ಇರುತ್ತಿದ್ದದ್ದು ಸಾಬರ ಅಂಗಡಿಯಲ್ಲಿ, ಸರಪಳಿ ಹಾಕಿಸಿಕೊಂಡು.

ನಾನು ಆಗಷ್ಟೇ ಎಂಎಸ್ಸಿ ಮುಗಿಸಿ ತಿಪಟೂರಿನ ಒಂದು ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದೆ. ಭೂಮಿಯನ್ನು ಉಳಿಸುವ ಕೆಲಸ ಯಾರಾದರೂ ವಹಿಸಿಕೊಡುತ್ತಾರೇನೋ ಎಂದು ಕಾಯುತ್ತಿದ್ದೆ. ಸಾಬರ ಹತ್ತಿರ ಹೋಗಿ ಹೇಳಿದೆ: ಕೆಲವು ಸೈಕಲ್ಲು ನಮ್ಮೂರ ಹಾಲಿನ ಡೈರಿಯ ಹತ್ತಿರ ಇಡಿ. ಅಲ್ಲಿ ಹತ್ತಿದವರು ಇಲ್ಲಿ ಬಿಡಲಿ, ಇಲ್ಲಿ ಹತ್ತಿದವರು ಅಲ್ಲಿ ಬಿಡಲಿ. ಬಾಡಿಗೆಯನ್ನು ಡೈರಿಯವರ ಡಬ್ಬಕ್ಕೆ ಹಾಕಲಿ. ಉಪಾಯ ನನ್ನದೋ ಸಾಬರದೋ ಎಂಬುದರಲ್ಲೂ ಈಗ ನನಗೆ ಅನುಮಾನವಿದೆ. ನನ್ನ ನೆನಪಿನಲ್ಲಿ ಒಳ್ಳೆಯ ಉಪಾಯಗಳೆಲ್ಲ ನನ್ನವೇ ಆಗಿರುತ್ತವೆ. ಸಾಬರು ಗಡ್ಡ ಕೆರೆದುಕೊಂಡು, 'ಅರೆ ಮೇಡಂ, ಮಗಳು ಗಂಡನ ಮನೇಲಿ ಒಂದು ರಾತ್ರಿ ಇದ್ದು ಬಂದಂಗೆ. ಹೋಗಿ ಬರಲಿ ಬಿಡಿ' ಎಂದದ್ದು ಮಾತ್ರ ನಿಜ. ಅಂಥ ಮಾತು ಕಟ್ಟುವ ಶಕ್ತಿ ನನಗಿಲ್ಲ.

ಅತ್ತೆಗೆ ಸೈಕಲ್ಲು ಬರುತ್ತಿರಲಿಲ್ಲ ಎಂಬುದನ್ನು ನಾವಿಬ್ಬರೂ ಮರೆತಿದ್ದೆವು. ಅವಳು ಕೆರೆ ಏರಿಯ ಮೇಲೆ ಕಲಿತಳು. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ನಡುವೆ ಸೀರೆ ಎತ್ತಿ ಕಟ್ಟಿದ ಅತ್ತೆ. ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡುತ್ತಿದ್ದ ನಾನು. ಎಮ್ಮೆ ಮೇಯಿಸುತ್ತಿದ್ದವರಿಂದ ಪುಕ್ಕಟೆ ಸಲಹೆ.

'ಬ್ರೇಕ್ ಹಿಡಿ ಗಿರಿಜಕ್ಕ, ಬ್ರೇಕು!'

'ನಿನ್ ಬಾಯಿಗೆ ಮೊದ್ಲು ಹಿಡಿ ಕಣ್ಲಾ!'

ಗದ್ದೆಯ ಕಡೆ ಬಿದ್ದದ್ದು ಅನೇಕ ಸಲ. ನೀರಿನ ಕಡೆ ಒಂದು ಸಲವೂ ಬೀಳಲಿಲ್ಲ. ಇದರಿಂದ ಅವಳಿಗೆ ಬೀಳುವುದರ ಮೇಲೂ ಹಿಡಿತವಿತ್ತು ಎಂದು ನನ್ನ ತೀರ್ಮಾನ. ಯುಗಾದಿ ಬರುವ ಹೊತ್ತಿಗೆ ಅವಳು ಮಸುಕು ಬೆಳಕಿನಲ್ಲಿ ಡೈರಿಯ ಹತ್ತಿರ ಸೈಕಲ್ಲು ಹತ್ತಿ, ಊಟದ ಡಬ್ಬಿಯನ್ನು ಹ್ಯಾಂಡಲ್ಲಿಗೆ ತಗುಲಿಸಿ, ಒಬ್ಬಳೇ ತಿಪಟೂರಿಗೆ ಹೋಗುತ್ತಿದ್ದಳು. ಸಂಜೆ ಅದರಲ್ಲೇ ಬರುತ್ತಿದ್ದಳು. ಊರಿನವರು ಅದಕ್ಕೆ ಎಂಎಸ್ಸಿ ಸೈಕ್ಲು ಎಂದು ಹೆಸರಿಟ್ಟರು. ಹೊಗಳಿಕೆಯೋ ಹಂಗಿಸುವುದೋ ಎಂದು ಕೇಳುವ ಧೈರ್ಯ ನಾನು ಮಾಡಲಿಲ್ಲ.

ನನ್ನಂಥವರಿಗೆ ಒಂದು ಕೆಲಸ ಸುಮ್ಮನೆ ನಡೆಯುತ್ತಿದ್ದರೆ ಸಮಾಧಾನವಿಲ್ಲ. ಅದು ಯಾಕೆ ಒಳ್ಳೆಯದು ಎಂದು ಸಾಬೀತಾಗಬೇಕು. ಡೈರಿಯ ಮುಂದೆ ನಿಂತು ಸೈಕಲ್ಲು ಹತ್ತುವವರನ್ನೆಲ್ಲ ಒಂದೇ ಪ್ರಶ್ನೆ ಕೇಳತೊಡಗಿದೆ. ಸೈಕಲ್ಲು ಇಲ್ಲದಿದ್ದರೆ ಹೇಗೆ ಹೋಗುತ್ತಿದ್ದಿರಿ? 'ಸ್ಕೂಟರಿನಲ್ಲಿ' ಎಂದವರ ಪೆಟ್ರೋಲು ಭೂಮಿಗೆ ಉಳಿತಾಯ ಎಂದು ನನ್ನ ಲೆಕ್ಕ. ಸ್ಕೂಟರಿನಲ್ಲಿ ಎಂದವರು ಯಾರೂ ಇಲ್ಲ, ಯಾಕೆಂದರೆ ಯಾರ ಮನೆಯಲ್ಲೂ ಸ್ಕೂಟರಿರಲಿಲ್ಲ. 'ನಡ್ಕಂಡು' ಎಂದರು ಹಲವರು. ನಡೆಯುವವರನ್ನು ಸೈಕಲ್ಲು ಹತ್ತಿಸಿದರೆ ಭೂಮಿಗೆ ಲಾಭವೇನು? 'ಬಸ್ಸಲ್ಲಿ' ಎಂದರು ಉಳಿದವರು. ಇವರು ಹತ್ತಿದರೂ ಬಿಟ್ಟರೂ ಬಸ್ಸು ಅಷ್ಟೇ ಡೀಸೆಲ್ಲು ಕುಡಿಯುತ್ತದೆ. ಅತ್ತೆಯನ್ನು ಕೇಳಿದರೆ, 'ಹೋಗ್ತಾನೇ ಇರ್ಲಿಲ್ಲ ಕಣೇ' ಎಂದಳು. ಈ ಉತ್ತರಕ್ಕೆ ನನ್ನಲ್ಲಿ ಅಂಕಣವೇ ಇರಲಿಲ್ಲ. ಅತ್ತೆ ಮನೆಯಲ್ಲಿ ಕೂತಿದ್ದರೆ ಪರಿಸರಕ್ಕೆ ಇನ್ನೂ ಒಳ್ಳೆಯದು ಎಂಬಂಥ ಫಲಿತಾಂಶ ಬರುವ ಲಕ್ಷಣ ಕಂಡು ಹೆದರಿ, ಕೇಳುವುದನ್ನೇ ನಿಲ್ಲಿಸಿದೆ.

ನಿಜವಾದ ಫಜೀತಿ ಬಂದದ್ದು ಕೊಬ್ಬರಿ ಹರಾಜಿನ ದಿನಗಳಲ್ಲಿ. ವಾರದಲ್ಲಿ ಎರಡು ದಿನ ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜು. ಸೈಕಲ್ಲೆಂದರೆ ಮನುಷ್ಯ ಕೂತು ಹೋಗುವ ವಾಹನ ಎಂದು ನನ್ನ ತಿಳಿವಳಿಕೆ. ನಮ್ಮೂರಿನವರಿಗೆ ಅದು ಹುಲ್ಲು ಕೇಳದ ಎತ್ತು. ಹರಾಜಿನ ಬೆಳಿಗ್ಗೆ ಡೈರಿಯ ಹತ್ತಿರ ಇದ್ದ ಸೈಕಲ್ಲುಗಳಿಗೆಲ್ಲ ಕೊಬ್ಬರಿ ಚೀಲ ಏರುತ್ತಿತ್ತು. ಕ್ಯಾರಿಯರಿಗೊಂದು, ನಡುವಿನ ಕಂಬಿಗೊಂದು. ಮನುಷ್ಯ ಪಕ್ಕದಲ್ಲಿ ಹ್ಯಾಂಡಲ್ ಹಿಡಿದು ತಳ್ಳಿಕೊಂಡು ನಡೆಯುತ್ತಿದ್ದ. ಕೊಬ್ಬರಿ ಮಾರಿ ಕೈಯೂ ಮೈಯೂ ಹಗುರಾದ ಮೇಲೆ ಸೈಕಲ್ಲು ತುಳಿದುಕೊಂಡು ಬರುವ ದರ್ದು ಯಾರಿಗಿದೆ? ಹೋಟೆಲಿನಲ್ಲಿ ಖಾಲಿ ದೋಸೆ ತಿಂದು, ಬಸ್ಸಿನಲ್ಲಿ ಕೂತು, ಧಾರಣೆಯ ಮಾತಾಡುತ್ತಾ ಬಂದುಬಿಡುತ್ತಿದ್ದರು. ತಪ್ಪೇನೂ ಇಲ್ಲ. ಎಲ್ಲಿ ಬೇಕಾದರೂ ಬಿಡಿ ಎಂದು ಹೇಳಿದವಳು ನಾನೇ ತಾನೆ? ಸಂಜೆಯಾದರೆ ಎಲ್ಲ ಸೈಕಲ್ಲೂ ತಿಪಟೂರಿನಲ್ಲಿ, ನಮ್ಮೂರ ಡೈರಿಯ ಗೋಡೆ ಬೋಳು. ಅಂಥ ದಿನ ಅತ್ತೆ ಬರುವ ಮುಂಚೆಯೇ ಚೀಲ ಏರಿ ಅವಳಿಗೂ ಸೈಕಲ್ಲಿಲ್ಲ. ಅವಳು ಯಾರದಾದರೂ ಟ್ರ್ಯಾಕ್ಟರಿನ ಹಿಂದೆ ಗೇಟಿನ ತನಕ ಹೋಗಿ ತಡವಾಗಿ ಫ್ಯಾಕ್ಟರಿ ಮುಟ್ಟುತ್ತಿದ್ದಳು. ಸಂಜೆ ಸಾಬರ ಅಂಗಡಿಯ ತನಕ ನಡೆದು ಸೈಕಲ್ಲು ಹಿಡಿದರೆ ದಾರಿಯಲ್ಲೇ ಕತ್ತಲಾಗುತ್ತದೆಂದು ಬಸ್ಸಿನಲ್ಲೇ ಬರುತ್ತಿದ್ದಳು, ಹಾಗಾಗಿ ಮರುದಿನ ಬೆಳಿಗ್ಗೆಯೂ ಅದೇ ಪಾಡು.

ಸಾಬರು ಒಂದು ಲಗೇಜ್ ಆಟೋ ಗೊತ್ತುಮಾಡಿದರು. ಹರಾಜಿನ ಸಂಜೆ ಅದು ಸೈಕಲ್ಲುಗಳನ್ನು ಹೇರಿಕೊಂಡು ನಮ್ಮೂರಿಗೆ ಬರುತ್ತಿತ್ತು. ಬರುತ್ತಿತ್ತು ಎನ್ನುವುದಕ್ಕಿಂತ, ಹೊಗೆಯೊಂದು ಬರುತ್ತಿತ್ತು, ಅದರೊಳಗೆ ಆಟೋ ಇರುತ್ತಿತ್ತು. ಒಮ್ಮೆ ಅದರ ಹಿಂದೆಯೇ ನಾನು ಬಸ್ಸಿಳಿದು ನಡೆದು ಬಂದೆ. ಊರು ಮುಟ್ಟುವಷ್ಟರಲ್ಲಿ ಕರ್ಚೀಫು ಕಪ್ಪಾಗಿತ್ತು. ಹೊಗೆಯಿಲ್ಲದ ವಾಹನಗಳನ್ನು ಹೊಗೆ ಉಗುಳುವ ವಾಹನದ ಮೇಲೆ ಮೆರವಣಿಗೆ ಮಾಡಿಸುತ್ತಿದ್ದೇವೆ, ಅದಕ್ಕೆ ನನ್ನ ಡಿಗ್ರಿಯ ಹೆಸರಿದೆ ಎಂದು ಅಂದು ನಿದ್ದೆ ಬರಲಿಲ್ಲ. ಇತ್ತ ಕಡೆ ಬಾಡಿಗೆಯೆಲ್ಲ ಆಟೋದವನಿಗೇ ಹೋಗಿ ಸಾಬರಿಗೂ ಗಿಟ್ಟಲಿಲ್ಲ.

'ಬೇಜಾರು ಮಾಡ್ಕೋಬೇಡಿ ಮೇಡಂ,' ಎಂದರು ಒಂದು ಹರಾಜಿನ ಮಧ್ಯಾಹ್ನ. 'ಇವತ್ತಿಂದ ಆಟೋ ಕಳ್ಸಲ್ಲ. ನಾಳೆ ಎಲ್ಲಾ ಸೈಕಲ್ನೂ ಅಂಗಡಿ ಒಳಕ್ಕೆ ಹಾಕ್ತೀನಿ. ಮೊದಲಿನ ಥರಾನೇ ಇರಲಿ.'

'ನಮ್ಮತ್ತೆ ಏನು ಮಾಡ್ಬೇಕು?'

'ಅದೇ ನನಗೂ ಸಂಕಟ.'

ಸಂಕಟಕ್ಕೆ ಕಾರಣವಿತ್ತು. ಫ್ಯಾಕ್ಟರಿಯ ಮೇಸ್ತ್ರಿ ಅತ್ತೆಗೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ, ಇನ್ನೊಂದು ದಿನ ತಡವಾದರೆ ಅವಳ ಜಾಗಕ್ಕೆ ಬೇರೆಯವರು ಎಂದು. ಆ ಸಂಜೆ ನಾನು ಅವಳ ಮನೆಯ ಜಗಲಿಯ ಮೇಲೆ ಕೂತು ವಿಷಯ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಲಿಲ್ಲ. ಒಳಗಿನಿಂದ ಮಾವ, 'ಹೋಯ್ತಲ್ಲ ಅತ್ಲಾಗೆ. ಮನೇಲಿ ಆರಾಮಾಗಿರು' ಎಂದರು. ಅವರ ಲೆಕ್ಕದಲ್ಲಿ ಅದು ಸಮಾಧಾನದ ಮಾತು.

'ಆರಾಮ ನಿಮಗೇ ಇರ್ಲಿ ಕಣ್ರೀ,' ಎಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, 'ನಾಳೆ ಮೂರನೇ ಜಾವಕ್ಕೇ ಎದ್ದು ನಡ್ಕಂಡು ಹೋದ್ರೆ ಮುಟ್ಟಬೌದಾ?' ಎಂದಳು. ನಾಳೆಯೇನೋ ಮುಟ್ಟಬಹುದು. ನಾಡಿದ್ದು? ನನ್ನ ಓದಿನಲ್ಲಿ ಮಂಜುಗಡ್ಡೆ ಕರಗುವುದಕ್ಕೆ, ಓಜೋನ್ ತೂತಿಗೆ ಎಲ್ಲ ಪರಿಹಾರ ಸೂಚಿಸಿದ್ದರು. ಒಂದು ಸೈಕಲ್ಲು ಏಳೆಂಟು ಮೈಲಿ ಆಚೆಯಿಂದ ರಾತ್ರಿಯೊಳಗೆ ಊರು ಸೇರುವುದು ಹೇಗೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಆಗ ಬೀದಿಯ ಕೊನೆಯಲ್ಲಿ ಎತ್ತಿನ ಗಂಟೆಯ ಸದ್ದಾಯಿತು. ಕೆಂಚಣ್ಣನ ಗಾಡಿ. ಪಕ್ಕದ ಮನೆಯ ಈ ಮುದುಕ ಆಗಲೂ ಕೊಬ್ಬರಿಯನ್ನು ಗಾಡಿಯಲ್ಲೇ ಮಾರುಕಟ್ಟೆಗೆ ಒಯ್ಯುತ್ತಿದ್ದ. ಗಾಡಿಯ ಮೇಲೆ ಏನೋ ಮಿಣುಕಿತು. ಹತ್ತಿರ ಬಂದಾಗ ನೋಡಿದರೆ ಮಗ್ಗುಲಾಗಿ ಮಲಗಿದ ಸೈಕಲ್ಲು. ಒಂದು ಚಕ್ರ ಗಾಡಿಯ ಕುಲುಕಾಟಕ್ಕೆ ನಿಧಾನವಾಗಿ ತಿರುಗುತ್ತಿತ್ತು. ಅತ್ತೆಯ ಮಡಿಲಿನ ಅವರೆಕಾಯಿ ಜಗಲಿ ತುಂಬ ಚೆಲ್ಲಿತು.

'ಇದೇನ್ ಕೆಂಚಣ್ಣ?'

'ಗಾಡಿ ಖಾಲಿ ತರಬಾರ್ದಲ್ಲ ಕಣವ್ವ. ಉಪ್ಪು ತರಣ ಅಂದ್ರೆ ಮನೇಲಿ ಐತೆ. ಹುಲ್ಲು ಸಿಗ್ಲಿಲ್ಲ. ಕಲ್ಲು ಎತ್ತಾಕಣ ಅಂತ ಬಗ್ಗಿದ್ರೆ ನಡ ಹಿಡ್ಕತು. ಪಕ್ಕದಲ್ಲೇ ಇದು ನಿಂತಿತ್ತು. ಡೈರಿ ಸೈಕ್ಲು ಅಲ್ವಾ, ಎತ್ತಾಕ್ಕಂಡೆ. ಸಾಬ್ರಿಗೆ ಕೂಗಿ ಹೇಳೇ ಬಂದೀವ್ನಿ.'

ನಮ್ಮ ಕಡೆ ಹಳಬರಲ್ಲಿ ಇದೊಂದು ನಡಾವಳಿ. ಕೊಬ್ಬರಿ ಹೇರಿಕೊಂಡು ಹೋದ ಗಾಡಿ ಮಾರಾಟ ಮುಗಿಸಿ ಬರಿದಾಗಿ ಮನೆ ಅಂಗಳಕ್ಕೆ ಬರಬಾರದು. ಉಪ್ಪಿನ ಚೀಲವೋ ಹುಲ್ಲಿನ ಕಂತೆಯೋ ಹೇರಬೇಕು. ಏನೂ ಸಿಗದಿದ್ದರೆ ದಾರಿಯಲ್ಲಿ ಒಂದು ಕಲ್ಲನ್ನಾದರೂ ಎತ್ತಿಟ್ಟುಕೊಳ್ಳಬೇಕು. ಹಾಗೆ ತಂದು ಇಳಿಸಿದ ಕಲ್ಲುಗಳ ಗುಡ್ಡೆಯೇ ನಮ್ಮೂರ ಬಾಗಿಲಲ್ಲಿತ್ತು. ಅದಕ್ಕೆ ಯಾರೋ ಕುಂಕುಮ ಇಟ್ಟು ಹೋಗುವುದಕ್ಕೂ ಶುರುಮಾಡಿದ್ದರು. ಚಿಕ್ಕಂದಿನಿಂದ ನೋಡಿದ್ದ ಗುಡ್ಡೆ ಅದು. ಕಲ್ಲಿನ ಬದಲು ಸೈಕಲ್ಲು ಇಡಬಹುದೆಂದು ನನಗಾಗಲಿ ಸಾಬರಿಗಾಗಲಿ ಹೊಳೆದಿರಲಿಲ್ಲ. ಕೆಂಚಣ್ಣನಿಗೂ ಹೊಳೆಯಲಿಲ್ಲ ಎನ್ನಿ. ಅವನ ಸೊಂಟ ಹಿಡಿದುಕೊಂಡಿತು, ಅಷ್ಟೇ.

ಅವತ್ತಿನ ಹಗುರವನ್ನು ಹೇಗೆ ಬರೆಯಲಿ? ದಿನಚರಿಯಲ್ಲಿ ನೋಡಿದರೆ 'ಸೈಕಲ್ ಬಂತು' ಎಂಬ ಎರಡೇ ಪದಗಳಿವೆ. ಪದಗಳ ಕೆಳಗೆ ಗೆರೆ ಎಳೆದಿದ್ದೇನೆ. ಗೆರೆ ಕಾಗದ ಹರಿಯುವಷ್ಟು ಒತ್ತಾಗಿದೆ. ಅತ್ತೆ ಮರುದಿನ ಮೇಸ್ತ್ರಿಗಿಂತ ಮುಂಚೆ ಫ್ಯಾಕ್ಟರಿಯ ಬಾಗಿಲಲ್ಲಿದ್ದಳು. ನಾನು ಬೆಳಿಗ್ಗೆಯೇ ಸಾಬರ ಅಂಗಡಿಗೆ ಹೋದೆ. ಅವರು ಆಗಲೇ ಸೈಕಲ್ಲುಗಳನ್ನು ಒಳಕ್ಕೆ ಹಾಕುವ ಬದಲು ಹೊರಗೆ ಸಾಲಾಗಿ ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. 'ಮುದುಕಪ್ಪ ಕೂಗಿದಾಗಲೇ ತಿಳೀತು ಮೇಡಂ. ಗಾಡಿಗಳು ಹೆಂಗೂ ಹೋಗೇ ಹೋಗ್ತವಲ್ಲ' ಎಂದರು. ಅಲ್ಲಿಂದ ಮುಂದೆ ಹರಾಜಿನ ಸಂಜೆ ನಮ್ಮೂರ ಕಡೆ ತಿರುಗುವ ಗಾಡಿಗಳಿಗೆಲ್ಲ ಸೈಕಲ್ಲು ಏರತೊಡಗಿತು. ಖರ್ಚಿಲ್ಲದೆ ಹೋಗುತ್ತವೆಂದು ಸಾಬರು ಒಂದೆರಡು ಹೆಚ್ಚಿಗೇ ಕಳಿಸಿದರು, ಹರಾಜಿನ ಬೆಳಿಗ್ಗೆಯೂ ಅತ್ತೆಗೊಂದು ಉಳಿಯಿತು. ಯಾರೂ ಬಲವಂತ ಮಾಡಲಿಲ್ಲ, ಯಾರೂ ಉಪಕಾರ ಮಾಡಿದೆವೆಂದು ತಿಳಿಯಲಿಲ್ಲ. ಗಾಡಿ ಬರಿದಾಗಿ ಬರಲಿಲ್ಲವೆಂದು ಅವರಿಗೆ ನೆಮ್ಮದಿ, ಡೈರಿಯ ಗೋಡೆ ಬೋಳಾಗಲಿಲ್ಲವೆಂದು ನಮಗೆ. ಊರ ಬಾಗಿಲಿನ ಗುಡ್ಡೆ ಬೆಳೆಯುವುದು ನಿಂತು, ಕುಂಕುಮ ಇಡುವವರಿಗೆ ಮಾತ್ರ ಕಸಿವಿಸಿಯಾಯಿತು.

ನನ್ನ ಹಳೆಯ ಲೆಕ್ಕವನ್ನು ಮತ್ತೆ ಮಾಡಿ ನೋಡಿದೆ. ಎತ್ತು ಹೇಗೂ ಮನೆಗೆ ಬರುತ್ತದೆ. ಹೊಗೆಯಿಲ್ಲ, ಹೊಸ ಖರ್ಚಿಲ್ಲ. ಸಗಣಿಯನ್ನು ಬೇಕಾದರೆ ಲಾಭದ ಕಡೆ ಬರೆಯಬಹುದು. ಆದರೂ ಭೂಮಿಗೆ ದೊಡ್ಡ ಉಪಕಾರವೇನೂ ಆಗಲಿಲ್ಲ. ನಡೆಯುತ್ತಿದ್ದವರು ತುಳಿದರು, ಬಸ್ಸಿನ ಡೀಸೆಲ್ಲು ಇದ್ದಷ್ಟೇ ಇತ್ತು. ಮೊದಲಾಗಿದ್ದರೆ ಇದಕ್ಕೆ ನಾನು ಕೊರಗುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ಸ್ಕೂಟರು ಇಲ್ಲದ ಊರಿನಲ್ಲಿ ಸ್ಕೂಟರಿನ ಹೊಗೆ ಉಳಿಸುತ್ತೇನೆಂದು ಹೊರಟವಳು ನಾನು. ಉಳಿಸುವುದಕ್ಕೇ ಏನೂ ಇಲ್ಲದಷ್ಟು ಕಡಿಮೆ ಖರ್ಚಿನಲ್ಲಿ ಬದುಕುತ್ತಿದ್ದ ಜನರಿಂದ ಇನ್ನೂ ಉಳಿತಾಯ ಕೇಳುವುದು ಯಾವ ನ್ಯಾಯ? ಅವರಿಗೆ ಒಂದಿಷ್ಟು ದೂರ ಹೋಗಿಬರಲು ಆಯಿತು, ಅದಕ್ಕಾಗಿ ಭೂಮಿ ಹೆಚ್ಚಿಗೆ ಏನೂ ತೆರಲಿಲ್ಲ. ಇಷ್ಟಾದರೆ ಸಾಕು ಎಂದು ಒಪ್ಪಿಕೊಂಡ ಮೇಲೆ ನನ್ನ ಎದೆಯ ಮೇಲಿನ ಭಾರವೂ ಇಳಿಯಿತು. ಮೊನ್ನೆಯ ಲೇಖನದ ಕೊನೆಯಲ್ಲಿ ಅನುಮಾನಪಟ್ಟವರಿಗೆ ಪತ್ರ ಬರೆದು ಇದನ್ನೆಲ್ಲ ತಿಳಿಸೋಣವೆನಿಸಿತು. ಅವರ ಊರಿನಲ್ಲಿ ಬರಿದಾಗಿ ಮನೆಗೆ ಹೋಗಲು ನಾಚುವ ಲಾರಿಗಳಿವೆಯೋ ಇಲ್ಲವೋ ತಿಳಿಯದೆ ಸುಮ್ಮನಾದೆ.

ಆ ಏರ್ಪಾಡು ಕೆಲವು ವರ್ಷ ನಡೆಯಿತು. ಯಾರೂ ಅದನ್ನು ನಿಲ್ಲಿಸಲಿಲ್ಲ, ಹೈಸ್ಕೂಲು ಮಕ್ಕಳಿಗೆ ಸರ್ಕಾರದಿಂದ ಸೈಕಲ್ಲು ಬಂದು ಮನೆಗೊಂದಾದ ಮೇಲೆ ತಾನಾಗಿ ಕರಗಿತು. ಸಾಬರ ಅಂಗಡಿಗೆ ಅದರಿಂದ ರಿಪೇರಿ ಕೆಲಸ ಹೆಚ್ಚಾಯಿತೇ ಹೊರತು ನಷ್ಟವಾಗಲಿಲ್ಲ. ಅತ್ತೆ ಅಷ್ಟು ಹೊತ್ತಿಗೆ ತನ್ನ ಕೂಲಿಯಲ್ಲೇ ಸ್ವಂತ ಸೈಕಲ್ಲು ಕೊಂಡಿದ್ದಳು. ಈಗ ಅವಳು ಫ್ಯಾಕ್ಟರಿ ಬಿಟ್ಟಿದ್ದಾಳೆ. ಊರಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವ ಕೆಲಸ ಸಿಕ್ಕಿದೆ. ಕೈಗೆ ಸಂಬಳ ಬರುತ್ತದೆ, ಮಾವ ಅಟ್ಟದ ಕಡೆ ನೋಡುವ ಹೊತ್ತಿನಲ್ಲಿ ಅವಳ ಕಡೆಯೂ ನೋಡುತ್ತಾರೆ. ಶಾಲೆ ಅವಳ ಮನೆಯಿಂದ ಕೂಗಳತೆಯಲ್ಲಿದೆ. ಅಡುಗೆಮನೆಯಲ್ಲಿ ನಿಂತು ಕರೆದರೆ ಶಾಲೆಯ ಮಕ್ಕಳು ಓಗೊಡುತ್ತಾರೆ.

ಕಳೆದ ಸಲ ಊರಿಗೆ ಹೋದಾಗ ನೋಡಿದೆ. ಅತ್ತೆ ಬೆಳಿಗ್ಗೆ ಸೈಕಲ್ಲು ಹೊರಗೆ ತೆಗೆದು, ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಶಾಲೆ ಇರುವ ದಿಕ್ಕಿಗೆ ಬೆನ್ನು ಹಾಕಿ ಹತ್ತಿದಳು. ಕೆರೆ ಏರಿಯ ಮೇಲೆ ಹೋಗಿ, ತೋಟಗಳ ಹಿಂದಿನಿಂದ ಸುತ್ತಿಕೊಂಡು, ಕೂಗಳತೆಯ ಶಾಲೆಯನ್ನು ಸುಮಾರು ಹೊತ್ತಿನ ಮೇಲೆ ಆಚೆ ಕಡೆಯಿಂದ ಮುಟ್ಟಿದಳು. ಯಾವ ಅಂಕಣಕ್ಕೂ ಸೇರದ ಪ್ರಯಾಣ ಅದು. ಸಂಜೆ ಜಗಲಿಯ ಮೇಲೆ ಅವಳು ಮೊರದಲ್ಲಿ ಅಕ್ಕಿ ಕೇರುತ್ತಿದ್ದಾಗ ಕೇಳಿಯೇಬಿಟ್ಟೆ.

'ಅತ್ತೆ, ನಿಜ ಹೇಳು. ಆವತ್ತು ಕೆಲಸಕ್ಕೋಸ್ಕರ ಸೈಕಲ್ ಕಲಿತ್ಯಾ, ಇಲ್ಲ ಸೈಕಲ್ ಹೊಡೆಯೋದಕ್ಕೋಸ್ಕರ ಕೆಲಸ ಹಿಡಿದ್ಯಾ?'

ಮಾವ ಒಳಗಿನಿಂದ ಕಿವಿಗೊಟ್ಟರೆಂದು ಕಾಣುತ್ತದೆ, ರೇಡಿಯೋದ ಸದ್ದು ತಗ್ಗಿತು. ಅತ್ತೆ ತಲೆ ಎತ್ತಲಿಲ್ಲ. ಮೊರವನ್ನು ಎರಡು ಸಲ ಜೋರಾಗಿ ಕೊಡವಿದಳು. ಹೊಟ್ಟು ನನ್ನ ಮುಖದ ಮೇಲೆ ಹಾರಿತು, ನಾನು ಕಣ್ಣುಜ್ಜಿಕೊಂಡು ನೋಡುವಷ್ಟರಲ್ಲಿ ಅವಳು ಅಕ್ಕಿ ಎತ್ತಿಕೊಂಡು ಒಳಗೆ ಹೋಗಿದ್ದಳು.